ವೇಗ ಮತ್ತು ಸ್ಥಿರತೆ

ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿ ಘಟಪ್ರಭಾ ನದಿಯು ಸುಮಾರು 52 ಮೀಟರ್ ಆಳದ ಕಂದರಕ್ಕೆ ಧುಮುಕುತ್ತದೆ. ನೋಟಕ್ಕೆ ಸೊಬಗಾಗಿದ್ದ ಈ ಜಲಧಾರೆಯ ಬಲವನ್ನು 1887ರ ಹೊತ್ತಿಗೆ ದುಡಿಮೆಗೂ ಹಚ್ಚಲಾಯಿತು. ಜಲಪಾತದ ಮಗ್ಗುಲಲ್ಲಿ ಹತ್ತಿ ನೂಲುವ ಗಿರಣಿ ನಡೆಯತೊಡಗಿತು. ನೀರಿನ ಬಲದಿಂದ ತಿರುಗುವ ಯಂತ್ರಗಳನ್ನು ಬಲ್ಲವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ನೀರನ್ನು ಹೆಚ್ಚು ಹರಿಯಬಿಟ್ಟರೆ ಚಕ್ರದ ವೇಗ ಹೆಚ್ಚುತ್ತದೆ. ಆದರೆ ವೇಗವು ಅಳತೆ ಮೀರಿದರೆ ಅಚ್ಚು ಕಾಯುತ್ತದೆ, ನೂಲು ಹರಿಯುತ್ತದೆ, ಕೊನೆಗೆ ಯಂತ್ರವೇ ಕೆಡುತ್ತದೆ. ಆದುದರಿಂದ ಇಂತಹ ಚಕ್ರಗಳಿಗೆ ವೇಗವನ್ನು ಹಿಡಿತದಲ್ಲಿಡುವ ನಿಯಂತ್ರಕವನ್ನು ಜೋಡಿಸುವುದು ವಾಡಿಕೆ. ಇದೇ ಪ್ರಶ್ನೆಯು ಇಂದು ಮೇಜಿನ ಮೇಲಿನ ಗಣಕಯಂತ್ರದಲ್ಲಿಯೂ ಏಳುತ್ತದೆ. ಅದರ ವೇಗವನ್ನು ತಯಾರಕರು ಗೊತ್ತುಪಡಿಸಿದ ಮಿತಿಗಿಂತ ಹೆಚ್ಚಿಸಬಹುದೆ? ಹೆಚ್ಚಿಸಿದರೆ ಅದು ಎಷ್ಟರಮಟ್ಟಿಗೆ ನಂಬಿಕೆಗೆ ಅರ್ಹವಾಗಿ ಉಳಿಯುತ್ತದೆ?

ಗಣಕಯಂತ್ರದ ಮಿದುಳೆನಿಸಿದ ಭಾಗಕ್ಕೆ ಪ್ರೊಸೆಸರ್ ಎಂದು ಹೆಸರು. ಉಗುರಿನಷ್ಟಗಲದ ಸಿಲಿಕಾನ್ ಬಿಲ್ಲೆಯ ಮೇಲೆ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳನ್ನು ಮೂಡಿಸಿ ಅದನ್ನು ರಚಿಸಿರುತ್ತಾರೆ. ಇವುಗಳೆಲ್ಲ ಒಂದೇ ತಾಳಕ್ಕೆ ಹೆಜ್ಜೆ ಹಾಕಬೇಕು. ಆ ತಾಳವನ್ನು ಹಾಕುವುದು ವಿದ್ಯುತ್ತಿನಿಂದ ಕಂಪಿಸುವ ಕ್ವಾರ್ಟ್ಸ್ ಹರಳು ಮತ್ತು ಅದಕ್ಕೆ ಹೊಂದಿಕೊಂಡ ಮಂಡಲ. ಒಂದು ಸೆಕೆಂಡಿನಲ್ಲಿ ಬೀಳುವ ತಾಳಗಳ ಸಂಖ್ಯೆಯೇ ಪ್ರೊಸೆಸರಿನ ಆವೃತ್ತಿ. 1971ರಲ್ಲಿ ಹೊರಬಂದ ಇಂಟೆಲ್ 4004 ಎಂಬ ಪ್ರೊಸೆಸರಿನಲ್ಲಿ ಇದು ಸೆಕೆಂಡಿಗೆ ಸುಮಾರು 7 ಲಕ್ಷ 40 ಸಾವಿರವಾಗಿತ್ತು. 1981ರ ಐಬಿಎಂ ವೈಯಕ್ತಿಕ ಗಣಕದಲ್ಲಿ 47 ಲಕ್ಷ 70 ಸಾವಿರಕ್ಕೆ ಏರಿತು. ಇಂದಿನ ಸಾಧಾರಣ ಪ್ರೊಸೆಸರಿನಲ್ಲಿ 360 ಕೋಟಿ ತಾಳಗಳು ಬೀಳುವುದು ಸಾಮಾನ್ಯ, ಇದನ್ನೇ 3.6 ಗಿಗಾಹರ್ಟ್ಸ್ ಎನ್ನುತ್ತಾರೆ. ತಾಯಿಹಲಗೆಯ ಮೂಲ ಆವೃತ್ತಿಯು 100 ಮೆಗಾಹರ್ಟ್ಸ್ ಇದ್ದು, ಅದನ್ನು ಪ್ರೊಸೆಸರು 36ರಿಂದ ಗುಣಿಸಿಕೊಂಡರೆ ಈ ವೇಗ ದೊರೆಯುತ್ತದೆ. ಗುಣಕವನ್ನು 40ಕ್ಕೆ ಏರಿಸಿದರೆ ವೇಗವು 4 ಗಿಗಾಹರ್ಟ್ಸ್ ಆಗುತ್ತದೆ. ಹೀಗೆ ಗೊತ್ತುಪಡಿಸಿದುದಕ್ಕಿಂತ ಹೆಚ್ಚಿನ ವೇಗದಲ್ಲಿ ಯಂತ್ರವನ್ನು ನಡೆಸುವ ಕ್ರಿಯೆಗೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಎಲ್ಲ ಪ್ರೊಸೆಸರುಗಳಲ್ಲಿಯೂ ಗುಣಕವನ್ನು ಬದಲಿಸಲು ತಯಾರಕರು ಅವಕಾಶ ಕೊಟ್ಟಿರುವುದಿಲ್ಲ.

ತಯಾರಕರೇ ಹೆಚ್ಚಿನ ವೇಗವನ್ನು ಏಕೆ ಗೊತ್ತುಪಡಿಸಬಾರದು ಎಂಬ ಸಂದೇಹ ಸಹಜವಾದುದು. ಒಂದೇ ಅಚ್ಚಿನಲ್ಲಿ ಒಂದೇ ದಿನ ತಯಾರಾದ ಎರಡು ಬಿಲ್ಲೆಗಳು ಕೂಡ ಗುಣದಲ್ಲಿ ಪೂರ್ತಿಯಾಗಿ ಒಂದೇ ಆಗಿರುವುದಿಲ್ಲ. ಕೆಲವು ಚುರುಕು, ಕೆಲವು ಮಂದ. ಮಂದವಾದುದೂ ಬೇಸಗೆಯಲ್ಲಿ ತಪ್ಪಿಲ್ಲದೆ ನಡೆಯಬೇಕು. ವರ್ಷಗಳ ಬಳಕೆಯಿಂದ ಸವೆದ ಮೇಲೆಯೂ ನಡೆಯಬೇಕು. ಈ ಎಲ್ಲವನ್ನೂ ಎಣಿಸಿ, ಕೊಂಚ ಅಂತರವನ್ನು ಉಳಿಸಿಯೇ ವೇಗವನ್ನು ಗೊತ್ತುಪಡಿಸುತ್ತಾರೆ. ಓವರ್‌ಕ್ಲಾಕಿಂಗ್ ಮಾಡುವವನು ಬಳಸಿಕೊಳ್ಳುವುದು ಈ ಅಂತರವನ್ನೇ. ಅದು ಪುಕ್ಕಟೆಯಾಗಿ ದೊರೆತ ವೇಗವಲ್ಲ. ಯಂತ್ರದ ಭದ್ರತೆಗೆಂದು ಮೀಸಲಿಟ್ಟ ಗಂಟಿನಿಂದ ತೆಗೆದುದು.

ವೇಗಕ್ಕೆ ಮಿತಿಯನ್ನು ಒಡ್ಡುವುದು ಮೊದಲನೆಯದಾಗಿ ಕಾಲ. 3.6 ಗಿಗಾಹರ್ಟ್ಸ್ ವೇಗದಲ್ಲಿ ಎರಡು ತಾಳಗಳ ನಡುವಣ ಅವಧಿಯಲ್ಲಿ ಬೆಳಕು ಕೂಡ 8 ಸೆಂಟಿಮೀಟರಿಗಿಂತ ಸ್ವಲ್ಪವೇ ಹೆಚ್ಚು ದೂರ ಸಾಗಬಲ್ಲುದು. ಇಷ್ಟು ಕಿರಿದಾದ ಅವಧಿಯಲ್ಲಿ ಸಂಕೇತವು ಅನೇಕ ಟ್ರಾನ್ಸಿಸ್ಟರುಗಳನ್ನು ದಾಟಿ ಮುಂದಿನ ನೆಲೆಯನ್ನು ಸೇರಬೇಕು. ಅದು ಸೇರುವ ಮೊದಲೇ ಮುಂದಿನ ತಾಳ ಬಿದ್ದರೆ 1 ಇರಬೇಕಾದೆಡೆ 0 ಉಳಿದು ಲೆಕ್ಕ ತಪ್ಪುತ್ತದೆ. ಟ್ರಾನ್ಸಿಸ್ಟರುಗಳನ್ನು ಚುರುಕುಗೊಳಿಸಲು ಇರುವ ಉಪಾಯವೆಂದರೆ ಅವುಗಳಿಗೆ ಒದಗುವ ವೋಲ್ಟೇಜನ್ನು ಹೆಚ್ಚಿಸುವುದು. ಹುಕ್ಕೇರಿ ತಾಲೂಕಿನ ಹಳ್ಳಿಗಳಿಗೆ 1969ರಲ್ಲಿ ಸ್ಥಾಪಿತವಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ವಿದ್ಯುತ್ತನ್ನು ಹಂಚುತ್ತ ಬಂದಿದೆ. ಅಲ್ಲಿಯ ಮನೆಗೂ ದೇಶದ ಬೇರೆ ಮನೆಗಳಿಗೂ ಬರುವ ವಿದ್ಯುತ್ತು 230 ವೋಲ್ಟಿನದು. ಗಣಕದ ವಿದ್ಯುತ್ ಪೆಟ್ಟಿಗೆಯು ಅದನ್ನು 12 ವೋಲ್ಟಿಗೆ ಇಳಿಸುತ್ತದೆ. ತಾಯಿಹಲಗೆಯು ಅದನ್ನು ಇನ್ನೂ ಇಳಿಸಿ ಸುಮಾರು 1ರಿಂದ 1.4 ವೋಲ್ಟಿನಷ್ಟು ಮಾಡಿ ಪ್ರೊಸೆಸರಿಗೆ ಉಣಿಸುತ್ತದೆ. ಇಷ್ಟು ಅಲ್ಪವಾದುದರಲ್ಲಿ ಒಂದು ವೋಲ್ಟಿನ ಹತ್ತರಲ್ಲೊಂದು ಭಾಗವೂ ದೊಡ್ಡ ವ್ಯತ್ಯಾಸವೇ.

ಎರಡನೆಯ ಮಿತಿ ಉಷ್ಣ. ಪ್ರೊಸೆಸರು ಹೀರುವ ಶಕ್ತಿಯು ಮುಖ್ಯವಾಗಿ ಆವೃತ್ತಿಗೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಆವೃತ್ತಿಯನ್ನು ನೂರಕ್ಕೆ 10ರಷ್ಟೂ ವೋಲ್ಟೇಜನ್ನು ನೂರಕ್ಕೆ 10ರಷ್ಟೂ ಹೆಚ್ಚಿಸಿದರೆ 1.1ನ್ನು ಮೂರು ಸಲ ಗುಣಿಸಬೇಕಾಗುತ್ತದೆ. ಶಕ್ತಿಯ ಬಳಕೆ 1.33ರಷ್ಟಾಗುತ್ತದೆ. ಹತ್ತರಷ್ಟು ವೇಗಕ್ಕೆ ಮೂವತ್ತಮೂರರಷ್ಟು ಉಷ್ಣದ ತೆರಿಗೆ! 100 ವ್ಯಾಟ್ ಹೀರುತ್ತಿದ್ದ ಪ್ರೊಸೆಸರು ಈಗ 133 ವ್ಯಾಟ್ ಹೀರುತ್ತದೆ. ಅದರ ಮೇಲಿನ ಲೋಹದ ರೆಕ್ಕೆಗಳೂ ಬೀಸಣಿಗೆಯೂ ಪ್ರತಿ ವ್ಯಾಟಿಗೆ ಅರ್ಧ ಡಿಗ್ರಿಯಷ್ಟು ಮಾತ್ರ ಬಿಸಿ ಏರುವಂತೆ ನೋಡಿಕೊಳ್ಳುತ್ತವೆ ಎಂದಿಟ್ಟುಕೊಳ್ಳೋಣ. ಕೋಣೆಯ ಉಷ್ಣತೆ 25 ಡಿಗ್ರಿ ಇರುವಾಗ ಪ್ರೊಸೆಸರು ಮೊದಲು 75 ಡಿಗ್ರಿಯಲ್ಲಿದ್ದುದು ಈಗ ಸುಮಾರು 92 ಡಿಗ್ರಿಗೆ ಏರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಗೋಕಾಕದ ಸೀಮೆಯಲ್ಲಿ ಗಾಳಿಯೇ 40 ಡಿಗ್ರಿಯನ್ನು ಸಮೀಪಿಸುವುದುಂಟು. ಆಗ ಇದೇ ಯಂತ್ರ 106 ಡಿಗ್ರಿಯನ್ನು ಮುಟ್ಟಬೇಕಾಗುತ್ತದೆ. ಅನೇಕ ಪ್ರೊಸೆಸರುಗಳು 100 ಡಿಗ್ರಿಯ ಸುಮಾರಿನಲ್ಲಿ ತಾವಾಗಿಯೇ ವೇಗವನ್ನು ಕುಗ್ಗಿಸಿಕೊಳ್ಳುತ್ತವೆ. ಹೆಚ್ಚಿಸಿದ ವೇಗವೇ ಹೀಗೆ ವ್ಯರ್ಥವಾಗುತ್ತದೆ. ಚಳಿಗಾಲದ ರಾತ್ರಿಯಲ್ಲಿ ಪರೀಕ್ಷೆಯನ್ನು ಗೆದ್ದ ಯಂತ್ರ ಬೇಸಗೆಯ ಮಧ್ಯಾಹ್ನ ಸೋಲುವ ರಹಸ್ಯ ಇದೇ. ರೆಕ್ಕೆಗಳ ನಡುವೆ ಧೂಳು ತುಂಬಿದರಂತೂ ಲೆಕ್ಕ ಇನ್ನೂ ಕೆಡುತ್ತದೆ.

ಪ್ರೊಸೆಸರಿಗೆ ಮಾಹಿತಿಯನ್ನು ಒದಗಿಸುವ ಸ್ಮೃತಿಭಾಗ, ಎಂದರೆ ಮೆಮೊರಿಯ ಕಥೆ ತುಸು ಬೇರೆ. ಅದರಲ್ಲಿ ಪ್ರತಿಯೊಂದು ಅಂಕಿಯೂ ಅತಿ ಸಣ್ಣ ಕೆಪಾಸಿಟರಿನಲ್ಲಿ ವಿದ್ಯುದಂಶವಾಗಿ ನಿಂತಿರುತ್ತದೆ. ತೂತುಕೊಡದಂತೆ ಅದು ಸೋರುತ್ತಲೇ ಇರುವುದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಪ್ರತಿಯೊಂದನ್ನೂ ಮತ್ತೆ ತುಂಬಬೇಕು. ಬಿಸಿ ಹೆಚ್ಚಿದಂತೆ ಸೋರಿಕೆಯೂ ಹೆಚ್ಚುತ್ತದೆ. ಕೇಳಿದ ಮಾಹಿತಿಯನ್ನು ಹುಡುಕಿ ಕೊಡಲು ಮೆಮೊರಿಗೆ ಕೆಲವು ತಾಳಗಳಷ್ಟು ಕಾಲ ಬೇಕು. 3200 ಎಂದು ಹೆಸರಿಸಿದ ಡಿಡಿಆರ್ 4 ಮೆಮೊರಿಯಲ್ಲಿ ಸೆಕೆಂಡಿಗೆ 160 ಕೋಟಿ ತಾಳಗಳಿರುತ್ತವೆ. ಅದು 16 ತಾಳ ಕಾದು ಉತ್ತರ ಕೊಟ್ಟರೆ ಕಾಯುವ ಕಾಲ 10 ನ್ಯಾನೊಸೆಕೆಂಡ್. ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ. ಅದೇ ಮೆಮೊರಿಯನ್ನು 3600ಕ್ಕೆ ಏರಿಸಿ 18 ತಾಳ ಕಾಯಿಸಿದರೂ ಕಾಲ 10 ನ್ಯಾನೊಸೆಕೆಂಡೇ. ಆದರೆ ವೇಗವನ್ನು ಏರಿಸಿಯೂ 16 ತಾಳಗಳಲ್ಲಿಯೇ ಉತ್ತರ ಬೇಕೆಂದು ಹಟ ಹಿಡಿದರೆ 8.9 ನ್ಯಾನೊಸೆಕೆಂಡಿನಲ್ಲಿ ಅದು ಸಿದ್ಧವಾಗಬೇಕು. ಬಿಲ್ಲೆಗೆ ಆ ಶಕ್ತಿಯಿಲ್ಲದಿದ್ದರೆ ತಪ್ಪು ಉತ್ತರ ಬರುತ್ತದೆ. ಆವೃತ್ತಿ, ಕಾಯುವ ತಾಳ, ವೋಲ್ಟೇಜ್ ಈ ಮೂರನ್ನೂ ಹೊಂದಿಸಿ ನೋಡದೆ ಒಂದನ್ನೇ ಎಳೆಯುವುದು ಸಲ್ಲದು.

ತಪ್ಪುಗಳಲ್ಲಿ ಎರಡು ಬಗೆ. ಯಂತ್ರ ನಿಂತುಹೋಗುವುದು ಒಂದು ಬಗೆ. ಇದು ಕಣ್ಣಿಗೆ ಕಾಣುವ ತಪ್ಪು. ಯಂತ್ರ ನಡೆಯುತ್ತಲೇ ಇದ್ದು ಸದ್ದಿಲ್ಲದೆ ಒಂದು ಅಂಕಿ ಬದಲಾಗುವುದು ಮತ್ತೊಂದು ಬಗೆ. ಅಪಾಯ ಹೆಚ್ಚಾಗಿರುವುದು ಇದರಲ್ಲಿಯೇ. ಹಳ್ಳಿಯ ಹಾಲು ಉತ್ಪಾದಕರ ಸಂಘವೊಂದರ ಲೆಕ್ಕದಲ್ಲಿ ರೈತನೊಬ್ಬನ ಹೆಸರಿನಲ್ಲಿ 1,250 ರೂಪಾಯಿ ಜಮೆ ಇದೆಯೆಂದು ಭಾವಿಸಿರಿ. ಗಣಕವು ಈ ಸಂಖ್ಯೆಯನ್ನು 0 ಮತ್ತು 1ಗಳ ಸಾಲಾಗಿ ಇಟ್ಟುಕೊಂಡಿರುತ್ತದೆ. ಆ ಸಾಲಿನಲ್ಲಿ 4,096ರ ಸ್ಥಾನದ 0 ಮಾತ್ರ 1 ಆಗಿಬಿಟ್ಟರೆ ಮೊತ್ತ 5,346 ಆಗುತ್ತದೆ. ಗಂಟೆ ಬಾರಿಸುವುದಿಲ್ಲ, ತೆರೆಯ ಮೇಲೆ ಎಚ್ಚರಿಕೆ ಮೂಡುವುದಿಲ್ಲ. ಆ ತಪ್ಪನ್ನೇ ಯಂತ್ರ ಶ್ರದ್ಧೆಯಿಂದ ಕಡತದಲ್ಲಿ ಬರೆದಿಡುತ್ತದೆ. ನಾಳೆ ವೇಗವನ್ನು ಇಳಿಸಿದರೂ ಬರೆದುದು ಅಳಿಯುವುದಿಲ್ಲ.

ಆದುದರಿಂದ ಈ ಕಾರ್ಯದಲ್ಲಿ ಕ್ರಮ ಮುಖ್ಯ. ಮೂಡಲಗಿಯ ಸುತ್ತಣ ಕಬ್ಬಿನ ಸೀಮೆಯಲ್ಲಿ ಬೆಲ್ಲ ಕಾಯಿಸುವವನು ಪಾಕವು ಹದಕ್ಕೆ ಬರುತ್ತಿದ್ದಂತೆ ಉರಿಯನ್ನು ತಗ್ಗಿಸಿ, ಮತ್ತೆ ಮತ್ತೆ ಹದ ನೋಡುತ್ತಾನೆ. ಅವಸರಪಟ್ಟರೆ ಕೊಪ್ಪರಿಗೆಯ ತಳ ಹೊತ್ತಿ ಬೆಲ್ಲವೆಲ್ಲ ಕಪ್ಪಾಗುತ್ತದೆಂಬುದು ಅವನಿಗೆ ಗೊತ್ತು. ಇಲ್ಲಿಯೂ ಹಾಗೆಯೇ. ಮೊದಲು ಮುಖ್ಯವಾದ ಕಡತಗಳನ್ನೆಲ್ಲ ಬೇರೊಂದೆಡೆ ನಕಲು ಮಾಡಿಡಬೇಕು. ಯಂತ್ರವು ಮೂಲ ವೇಗದಲ್ಲಿ ತಪ್ಪಿಲ್ಲದೆ ನಡೆಯುತ್ತಿದೆಯೆ ಎಂದು ನೋಡಬೇಕು. ಅನಂತರ ಪ್ರೊಸೆಸರ್ ಮತ್ತು ಮೆಮೊರಿಗಳಲ್ಲಿ ಒಂದನ್ನು ಮಾತ್ರ, ಅದೂ ಒಂದು ಮೆಟ್ಟಲಿನಷ್ಟು ಮಾತ್ರ ಏರಿಸಬೇಕು. ಎರಡನ್ನೂ ಒಟ್ಟಿಗೆ ಏರಿಸಿದರೆ ತಪ್ಪು ಯಾವುದರದೆಂದು ತಿಳಿಯುವುದಿಲ್ಲ. ಪ್ರತಿ ಮೆಟ್ಟಲಿನಲ್ಲಿಯೂ ಉಷ್ಣತೆಯನ್ನು ಗುರುತಿಸಿಕೊಂಡು ಗಂಟೆಗಟ್ಟಲೆ ದುಡಿಸಿ ನೋಡಬೇಕು. ಇದಕ್ಕೆಂದೇ ಕೆಲವು ತಂತ್ರಾಂಶಗಳಿವೆ. ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಹುಟ್ಟಿದ ಪ್ರೈಮ್ 95 ಎಂಬುದು ಪ್ರೊಸೆಸರಿನಿಂದ ಕಠಿಣ ಲೆಕ್ಕಗಳನ್ನು ಮಾಡಿಸಿ, ಮೊದಲೇ ತಿಳಿದ ಉತ್ತರಗಳೊಡನೆ ಹೋಲಿಸುತ್ತದೆ. ಮೆಮ್‌ಟೆಸ್ಟ್ 86 ಎಂಬುದು ಮೆಮೊರಿಯಲ್ಲಿ ಗೊತ್ತಾದ ಅಂಕಿಗಳನ್ನು ಬರೆದು, ಮರಳಿ ಓದಿ ತಾಳೆ ನೋಡುತ್ತದೆ. ಒಂದೇ ಒಂದು ತಪ್ಪು ಕಂಡರೂ ಆ ಮೆಟ್ಟಲಿನಿಂದ ಕೆಳಗಿಳಿಯಬೇಕು. ತಪ್ಪು ಕಾಣದ ಕೊನೆಯ ಮೆಟ್ಟಲಿನಲ್ಲಿಯೂ ನಿಲ್ಲದೆ, ಬೇಸಗೆಗೆಂದು ಇನ್ನೂ ಒಂದು ಮೆಟ್ಟಲು ಕೆಳಗೆ ನಿಲ್ಲುವುದು ಜಾಣತನ.

ವೇಗದ ದಾಖಲೆಗಾಗಿಯೇ ಯಂತ್ರಗಳನ್ನು ಓಡಿಸುವವರೂ ಜಗತ್ತಿನಲ್ಲಿದ್ದಾರೆ. 2011ರಲ್ಲಿ ಎಎಂಡಿ ಸಂಸ್ಥೆಯ ಪ್ರೊಸೆಸರೊಂದನ್ನು ಅತಿಶೀತಲ ದ್ರವಗಳಿಂದ ತಂಪಾಗಿಸಿ 8.429 ಗಿಗಾಹರ್ಟ್ಸ್ ವೇಗವನ್ನು ಮುಟ್ಟಲಾಯಿತು. ಅಂತಹ ಸಾಹಸ ಕೆಲವು ಕ್ಷಣಗಳದು. ದಿನದ ದುಡಿಮೆಗೆ ಒದಗುವಂತಹುದಲ್ಲ. ಇನ್ನೊಂದೆಡೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ನೆಲೆಗೊಂಡ ಪರಮ್ ಪ್ರವೇಗ ಎಂಬ ಮಹಾಗಣಕದ ಸಾಮರ್ಥ್ಯ 3.3 ಪೆಟಾಫ್ಲಾಪ್. ಒಂದು ಪೆಟಾಫ್ಲಾಪ್ ಎಂದರೆ 1ರ ಮುಂದೆ 15 ಸೊನ್ನೆಗಳನ್ನಿಟ್ಟಷ್ಟು ಲೆಕ್ಕಗಳನ್ನು ಒಂದು ಸೆಕೆಂಡಿನಲ್ಲಿ ಮಾಡುವುದು. ಈ ಸಾಮರ್ಥ್ಯ ಬಂದಿರುವುದು ಒಂದು ಪ್ರೊಸೆಸರನ್ನು ಮಿತಿಮೀರಿ ಓಡಿಸಿದುದರಿಂದಲ್ಲ. ಅನೇಕ ಪ್ರೊಸೆಸರುಗಳು ಕೆಲಸವನ್ನು ಹಂಚಿಕೊಂಡು ಒಟ್ಟಾಗಿ ದುಡಿಯುವುದರಿಂದ.

ಇಂದಿನ ಪ್ರೊಸೆಸರುಗಳು ಉಷ್ಣತೆಯನ್ನೂ ಶಕ್ತಿಯನ್ನೂ ತಾವೇ ಅಳೆದುಕೊಂಡು, ಅವಕಾಶವಿದ್ದಾಗ ವೇಗವನ್ನು ಏರಿಸಿ ಇಲ್ಲದಾಗ ಇಳಿಸುತ್ತವೆ. ಹೀಗಾಗಿ ಕೈಯಿಂದ ಏರಿಸಿ ಪಡೆಯುವ ಲಾಭ ಹಿಂದಿನಷ್ಟು ಉಳಿದಿಲ್ಲ. ಆದರೂ ಈ ಪ್ರಯೋಗವನ್ನು ಕ್ರಮವರಿತು ಮಾಡಿದವನಿಗೆ ಯಂತ್ರದ ಒಳಗುಟ್ಟು ತಿಳಿಯುತ್ತದೆ. ಆಟದ ಯಂತ್ರದಲ್ಲಿ ಒಂದು ತಪ್ಪಾದರೆ ಆಟ ನಿಲ್ಲಬಹುದು, ಅಷ್ಟೆ. ಇನ್ನೊಬ್ಬರ ಹಣ, ಅಂಕಪಟ್ಟಿ, ಔಷಧಿಯ ಪ್ರಮಾಣ ಇವುಗಳನ್ನು ಎಣಿಸುವ ಯಂತ್ರದಲ್ಲಿ ಆ ಸಲುಗೆ ಇಲ್ಲ. ಬೇಗನೆ ಬಂದ ತಪ್ಪು ಉತ್ತರಕ್ಕಿಂತ ಒಂದು ಕ್ಷಣ ತಡವಾಗಿ ಬಂದ ಸರಿಯುತ್ತರವೇ ಅಲ್ಲಿ ಬೆಲೆಯುಳ್ಳದ್ದು.