ಬಣ್ಣಕ್ಕೂ ಮೊದಲು ನೀರಿನ ಲೆಕ್ಕ

ಮಂಗಳೂರಿನ ಶಾಲೆಯೊಂದರ ಟೆನಿಸ್ ಕೋರ್ಟಿಗೆ ಅಕ್ರಿಲಿಕ್ ಬಳಿಯುವುದನ್ನು ನೋಡಲು ಹೋದರೆ, ಅಲ್ಲಿ ಮೇಸ್ತ್ರಿ ಪೈಪು ಹಿಡಿದು ಇಡೀ ಕಾಂಕ್ರೀಟಿಗೆ ನೀರು ಬಿಡುತ್ತಿದ್ದರು. ಒಂದು ಗಂಟೆ ಸುಮ್ಮನೆ ಕೂತರು. ಆಮೇಲೆ ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು, ನೀರು ಉಳಿದ ಕಡೆಯಲ್ಲೆಲ್ಲ ಇಟ್ಟು ನೋಡುತ್ತ ಹೊರಟರು. ನಾಣ್ಯ ಮುಳುಗಿದರೆ, ಅಂದರೆ ಸುಮಾರು ಒಂದೂವರೆ ಮಿಲಿಮೀಟರ್ ನೀರು ನಿಂತಿದ್ದರೆ, ಸುತ್ತ ಬಳಪದ ಗೆರೆ. ಒಣಗಿದ ಮೇಲೆ ಆ ತಗ್ಗಿಗೆ ಸಿಮೆಂಟು, ಮರಳು, ಅಕ್ರಿಲಿಕ್ ಅಂಟು ಕಲಸಿ ತುಂಬಿ, ಉದ್ದನೆಯ ಪಟ್ಟಿ ಎಳೆದು ಸಮ ಮಾಡುತ್ತಾರೆ. ‘ಬಣ್ಣ ಆಮೇಲೆ ಮಾರಾಯ್ರೆ, ಮೊದಲು ನೀರು ಎಲ್ಲಿ ನಿಲ್ತದೆ ನೋಡುವ’ ಎಂದರು.

ಹಿಂದೆ ನಮ್ಮಲ್ಲಿ ಸೆಗಣಿ ಸಾರಿಸಿದ ಮಣ್ಣಿನ ಕೋರ್ಟುಗಳಿದ್ದವು. ಹೊರಗಿನ ದೊಡ್ಡ ಪಂದ್ಯಾವಳಿಗಳಲ್ಲಿ ಯುಎಸ್ ಓಪನ್ 1978ರಲ್ಲಿ, ಆಸ್ಟ್ರೇಲಿಯನ್ ಓಪನ್ 1988ರಲ್ಲಿ ಗಟ್ಟಿ ನೆಲಕ್ಕೆ ಬಂದವು. ಆಸ್ಟ್ರೇಲಿಯನ್ ಓಪನ್ ನಡೆಯುವ ಮೆಲ್ಬರ್ನ್‌ನ ಮೊದಲ ರಬ್ಬರು ಮಿಶ್ರಿತ ನೆಲ ಸುಡುಬಿಸಿಲಿಗೆ ಅಂಟಂಟಾಗಿ ಕಾಲು ಹಿಡಿಯುತ್ತದೆಂಬ ದೂರು ಬಂದು, 2008ರಲ್ಲಿ ಅದನ್ನೂ ಬದಲಿಸಿದರು.

ಕರಾವಳಿಯ ಕಷ್ಟ ಬೇರೆ. ಕಾಂಕ್ರೀಟು ಹಾಕಿ 28 ದಿನ ಕಾಯಬೇಕು. ಅದರಡಿಗೆ ಪ್ಲಾಸ್ಟಿಕ್ ಹಾಳೆ ಹಾಸದಿದ್ದರೆ ನೆಲದ ತೇವ ಬಿಸಿಲಿಗೆ ಆವಿಯಾಗಿ ಮೇಲೇರಿ, ಲೇಪನ ಹಪ್ಪಳದಂತೆ ಉಬ್ಬುತ್ತದೆ. ಮಳೆಗಾಲದಲ್ಲಿ ಕೆಲಸವೇ ಇಲ್ಲ. ಬೇಸಿಗೆಯಲ್ಲಿ ಬೆಳಕು ಹರಿಯುವಾಗಲೇ ಶುರು: ಒಬ್ಬ ಬಣ್ಣ ಸುರಿಯುತ್ತಾನೆ, ಮೇಸ್ತ್ರಿ ಅಗಲವಾದ ರಬ್ಬರು ಸ್ಕ್ವೀಜಿಯಲ್ಲಿ ಎಳೆಯುತ್ತ ಹಿಂದಕ್ಕೆ ನಡೆಯುತ್ತಾರೆ. ಬಿಸಿಲೇರಿದರೆ ಒಂದು ಎಳೆತದ ಅಂಚು ಪಕ್ಕದ್ದಕ್ಕೆ ಬೆಸೆಯುವ ಮೊದಲೇ ಒಣಗಿ ಏಣು ಉಳಿಯುತ್ತದೆ. ಬಣ್ಣದಲ್ಲಿ ಬೆರೆಸುವ ಮರಳೂ ಅವರದೇ ಲೆಕ್ಕ. ತರಿ ಹೆಚ್ಚಾದಷ್ಟೂ ಚೆಂಡು ನಿಧಾನ.

ಕೊಟೇಷನ್ನಿನಲ್ಲಿ ಮಾತ್ರ ಎಷ್ಟು ಕೋಟು, ನೀಲಿಯೋ ಹಸಿರೋ ಎಂಬುದೇ ದೊಡ್ಡದು. ನೂರಕ್ಕೆ ಒಂದರ ಇಳಿಜಾರು, ಅದೂ ಒಂದೇ ಕಡೆಗೆ, ಹದಿನೆಂಟು ಮೀಟರ್ ಅಗಲಕ್ಕೆ 18 ಸೆಂಟಿಮೀಟರ್ ಇದೆಯೇ ಎಂದು ಕೇಳುವವರು ಅಪರೂಪ. ಅಡಿಪಾಯದಲ್ಲಿ ಉಳಿಸಿದ ದುಡ್ಡು ಎರಡನೇ ಮಳೆಗಾಲಕ್ಕೆ ಪಾಚಿಯಾಗಿ ಎದ್ದಾಗ ಬೈಗುಳ ಬಣ್ಣ ಬಳಿದವನಿಗೆ. ಸ್ಕ್ವೀಜಿ ಹಿಡಿಯಲು ಈ ಮೇಸ್ತ್ರಿಯಿಂದಲೇ ಕಲಿತ ಹುಡುಗರಿಬ್ಬರು ಈಗ ಕಾರ್ಖಾನೆಗಳ ಒಳಗಿನ ಎಪಾಕ್ಸಿ ನೆಲದ ಕೆಲಸಕ್ಕೆ ಸೇರಿದ್ದಾರಂತೆ. ‘ಅಲ್ಲಿ ವರ್ಷವಿಡೀ ಕೂಲಿ ಉಂಟು. ಬರುವುದಿಲ್ಲ ಅವರು ಇನ್ನು’ ಎಂದರು ಮೇಸ್ತ್ರಿ.