ಮಂಜಿನ ಫೋಟೋಗೆ ಮತ್ತೆ ಫಿಲಂ ರೋಲ್ ಯಾಕೆ? ಊಟಿಯ ಮುಚ್ಚಿದ ಕಾರ್ಖಾನೆ ಹೇಳುವ ಕತೆ

ನಿಮ್ಮ ಇನ್‌ಸ್ಟಾಗ್ರಾಂ ಫೀಡ್‌ನಲ್ಲಿ ಇಂಥ ಫೋಟೋಗಳು ಕಣ್ಣಿಗೆ ಬಿದ್ದೇ ಇರುತ್ತವೆ. ಮುಳ್ಳಯ್ಯನಗಿರಿಯ ಮಂಜಿನಲ್ಲಿ ಅರ್ಧ ಕರಗಿಹೋದ ರಸ್ತೆ. ಮಳೆ ನಿಂತ ಮೇಲಿನ ಖಾಲಿ ಬಸ್ ಸ್ಟ್ಯಾಂಡ್. ಬೆಳಗಿನ ಜಾವ ಟೀ ಅಂಗಡಿಯ ಹಬೆ. ಬಣ್ಣ ಸ್ವಲ್ಪ ಮಾಸಿದೆ, ಮೇಲೆಲ್ಲ ಮರಳು ಚೆಲ್ಲಿದ ಹಾಗೆ ಸಣ್ಣ ಚುಕ್ಕಿಗಳು. ಕೆಳಗೆ ಕ್ಯಾಮೆರಾದ ಹೆಸರು, ರೋಲ್‌ನ ಹೆಸರು. ತೆಗೆದವರ ವಯಸ್ಸು ಇಪ್ಪತ್ತೆರಡೋ ಇಪ್ಪತ್ತಮೂರೋ ಇರುತ್ತದೆ. ಅವರು ಹುಟ್ಟುವ ಹೊತ್ತಿಗೆ ನಮ್ಮೂರ ಸ್ಟುಡಿಯೋಗಳು ಫಿಲಂ ಬಿಟ್ಟು ಡಿಜಿಟಲ್‌ಗೆ ಹೋಗಲು ಶುರುಮಾಡಿದ್ದವು.

ಜೇಬಿನಲ್ಲೇ ಒಳ್ಳೇ ಕ್ಯಾಮೆರಾ ಇರುವಾಗ ಈ ಹುಡುಗ ಹುಡುಗಿಯರು ಅಜ್ಜನ ಪೆಟ್ಟಿಗೆಯಿಂದ ಹಳೇ ಯಾಶಿಕಾ, ಪೆಂಟಾಕ್ಸ್ ಹುಡುಕಿ ತೆಗೆಯುವುದು ಯಾಕೆ? 'ಅದೆಲ್ಲ ಶೋಕಿ' ಅಂತ ಹೇಳಿ ಮುಗಿಸಬಹುದು. ಆದರೆ ಆ ರೋಲ್ ಎಲ್ಲಿಂದ ಬರುತ್ತೆ, ಒಂದು ಕಾಲದಲ್ಲಿ ಎಲ್ಲಿಂದ ಬರುತ್ತಿತ್ತು ಅಂತ ಕೇಳಿದರೆ ಕತೆ ಬೇರೆ ಕಡೆ ತಿರುಗುತ್ತದೆ. ಅದು ನೇರವಾಗಿ ಮೈಸೂರಿನಿಂದ ಗೂಡಲೂರು ಮೇಲೆ ಊಟಿಗೆ ಹೋಗುವ ರಸ್ತೆಗೆ ಬರುತ್ತದೆ.

ಆ 'ಮೂಡ್' ಬರೋದು ಹೇಗೆ?

ಮೊದಲು ವಿಜ್ಞಾನ. ಫಿಲಂ ಎಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಹಚ್ಚಿದ ಜೆಲಟಿನ್ ಪದರ. ಈ ಜೆಲಟಿನ್ ಬರುವುದು ದನಗಳ ಮೂಳೆ ಮತ್ತು ಚರ್ಮದಿಂದ. ಅದರೊಳಗೆ ಬೆಳ್ಳಿಯ ಲವಣದ ಅತಿ ಸಣ್ಣ ಹರಳುಗಳಿರುತ್ತವೆ. ಬೆಳಕು ಬಿದ್ದ ಹರಳಿನಲ್ಲಿ ಕಣ್ಣಿಗೆ ಕಾಣದ ಬದಲಾವಣೆ ಆಗುತ್ತದೆ. ಡೆವಲಪರ್ ಎಂಬ ರಾಸಾಯನಿಕದಲ್ಲಿ ಅದ್ದಿದಾಗ ಆ ಹರಳುಗಳು ಮಾತ್ರ ಕಪ್ಪು ಬೆಳ್ಳಿಯಾಗಿ ಬದಲಾಗುತ್ತವೆ. ಉಳಿದದ್ದನ್ನು ಫಿಕ್ಸರ್, ಅಂದರೆ ಹಳೇ ಫೋಟೋಗ್ರಾಫರ್‌ಗಳು ಹೇಳುವ 'ಹೈಪೋ', ತೊಳೆದು ಹಾಕುತ್ತದೆ. ಉಳಿಯುವುದೇ ನೆಗೆಟಿವ್. ಕಲರ್ ಫಿಲಂನಲ್ಲಿ ಬೆಳ್ಳಿಯ ಜಾಗದಲ್ಲಿ ಕೊನೆಗೆ ಬಣ್ಣ ನಿಲ್ಲುತ್ತದೆ.

ಫೋಟೋದಲ್ಲಿ ಕಾಣುವ ಆ ಚುಕ್ಕಿಗಳು, ಅಂದರೆ ಗ್ರೇನ್, ಈ ಹರಳುಗಳ ಗುರುತು. ಕಡಿಮೆ ಬೆಳಕಿಗೆ ದೊಡ್ಡ ಹರಳಿನ ಫಿಲಂ ಬೇಕು, ಹಾಗಾಗಿ ಮುಸ್ಸಂಜೆಯ ಚಿತ್ರಗಳಲ್ಲಿ ಗ್ರೇನ್ ಹೆಚ್ಚು. ಇನ್ನೊಂದು ಕಾರಣವೂ ಇದೆ. ಡಿಜಿಟಲ್ ಸೆನ್ಸರ್‌ನ ಒಂದೊಂದು ಪಿಕ್ಸೆಲ್‌ಗೂ ಒಂದು ಮಿತಿ ಇರುತ್ತೆ. ಅದು ತುಂಬಿದರೆ ಅಲ್ಲಿ ಬರೀ ಬಿಳಿ, ವಿವರವೇ ಇಲ್ಲ. ನೆಗೆಟಿವ್ ಫಿಲಂ ಹಾಗಲ್ಲ. ಬೆಳಕು ಹೆಚ್ಚಾದಂತೆ ಅದು ನಿಧಾನವಾಗಿ ತುಂಬಿಕೊಳ್ಳುತ್ತದೆ. ಬಿಳಿ ಮಂಜು, ಮೋಡದ ಆಕಾಶ, ಮಳೆ ನೀರಿನ ಹೊಳಪು ಫಿಲಂನಲ್ಲಿ ಮೆತ್ತಗೆ ಕಾಣುವುದು ಇದಕ್ಕೇ. ನಾವು 'ಮೂಡ್' ಅನ್ನುವುದರಲ್ಲಿ ಅರ್ಧ ಪಾಲು ರಸಾಯನಶಾಸ್ತ್ರ.

ಒಂದು ಕ್ಲಿಕ್ಕಿಗೆ ನಲವತ್ತು ರೂಪಾಯಿ

ಇನ್ನರ್ಧ ಪಾಲು ಮಿತಿ. ಒಂದು ರೋಲ್‌ಗೆ 36 ಚಿತ್ರ. ತೆಗೆದದ್ದು ಆಗಲೇ ಕಾಣಲ್ಲ. ಹಾಗಾಗಿ ನಿಂತು, ನೋಡಿ, ಕಾದು ತೆಗೀಬೇಕು. ದಿನಕ್ಕೆ ನೂರಾರು ಚಿತ್ರಗಳನ್ನು ಬೆರಳಲ್ಲಿ ತಳ್ಳಿ ಮರೆಯುವ ನಮಗೆ ಈ ಕಾಯುವಿಕೆಯೇ ಒಂದು ಬಿಡುಗಡೆ ಅನ್ನಿಸುತ್ತೆ. ಜೊತೆಗೆ, ತೆಗೆದ ಕೂಡಲೇ ಯಾವ ಕಂಪನಿಯ ಸರ್ವರ್‌ಗೂ ಅಪ್‌ಲೋಡ್ ಆಗದ, ಸ್ಥಳದ ಗುರುತು ಅಂಟಿಕೊಳ್ಳದ ಚಿತ್ರ ಇದು. ಕೊನೆಗೆ ಅದನ್ನು ಸ್ಕ್ಯಾನ್ ಮಾಡಿ ನಾವೇ ಇನ್‌ಸ್ಟಾಗ್ರಾಂಗೆ ಹಾಕುತ್ತೇವೆ ಅನ್ನುವುದು ಬೇರೆ ಮಾತು.

ಆದರೆ ಈ ಬಿಡುಗಡೆ ಪುಕ್ಕಟೆ ಅಲ್ಲ. ಒಂದು ಕಲರ್ ರೋಲ್‌ಗೆ ಸಾವಿರ ರೂಪಾಯಿ ಆಸುಪಾಸು. ತೊಳೆದು ಸ್ಕ್ಯಾನ್ ಮಾಡಿಸಲು ಮತ್ತೆ ಕೆಲವು ನೂರು. ಭಾಗಿಸಿ ನೋಡಿ, ಒಂದು ಕ್ಲಿಕ್ಕಿಗೆ ಸುಮಾರು ನಲವತ್ತು ರೂಪಾಯಿ. ಬೆಂಗಳೂರಿನ ಐಟಿ ಸಂಬಳದವರಿಗೆ ಇದು ವಾರಾಂತ್ಯದ ಖರ್ಚು. ಹಾವೇರಿಯಲ್ಲೋ ಕಲಬುರಗಿಯಲ್ಲೋ ಡಿಗ್ರಿ ಓದುವ ಹುಡುಗಿಗೆ ಇದು ಆಗದ ಮಾತು.

ಯಾಕಿಷ್ಟು ದುಬಾರಿ? ನಾವು ಬಳಸುವ ರೋಲ್‌ಗಳೆಲ್ಲ ಹೊರಗಿಂದ ಬರುತ್ತವೆ. ಕೊಡಾಕ್ ತಯಾರಾಗುವುದು ಅಮೆರಿಕದ ರೋಚೆಸ್ಟರ್‌ನಲ್ಲಿ, ಇಲ್ಫೋರ್ಡ್ ಇಂಗ್ಲೆಂಡಿನಲ್ಲಿ, ಫೋಮಾ ಜೆಕ್ ದೇಶದಲ್ಲಿ. ಡಾಲರ್ ಬೆಲೆ, ಸಾಗಣೆ, ಸುಂಕ ಎಲ್ಲ ಸೇರಿ ಇಲ್ಲಿಗೆ ಬರುವಷ್ಟರಲ್ಲಿ ಈ ಬೆಲೆ. ಆದರೆ ಯಾವಾಗಲೂ ಹೀಗೇ ಇರಲಿಲ್ಲ.

'ಇಂದು' ಎಂಬ ಹೆಸರಿನ ಫಿಲಂ

ಗೂಡಲೂರು ದಾಟಿ, ಪೈಕಾರ ದಾಟಿ, ಇನ್ನೇನು ಊಟಿ ಬಂತು ಅನ್ನುವಾಗ ಇಂದು ನಗರ ಎಂಬ ಜಾಗ ಸಿಗುತ್ತದೆ. ಅಲ್ಲಿ ಮರಗಳ ನಡುವೆ ಒಂದು ದೊಡ್ಡ ಕಾರ್ಖಾನೆ ಪಾಳು ಬಿದ್ದಿದೆ. ಅದೇ ಹಿಂದೂಸ್ಥಾನ್ ಫೋಟೋ ಫಿಲಂಸ್. 1960ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಕಂಪನಿ. ಫ್ರಾನ್ಸ್‌ನ ಬೋಶೆ ಕಂಪನಿಯ ತಾಂತ್ರಿಕ ನೆರವಿನಿಂದ 1967ರಲ್ಲಿ ಉತ್ಪಾದನೆ ಶುರುವಾಯಿತು. ಕಪ್ಪು-ಬಿಳುಪು ರೋಲ್, ಫೋಟೋ ಪೇಪರ್, ಸಿನಿಮಾ ಫಿಲಂ, ಆಸ್ಪತ್ರೆಗಳಿಗೆ ಎಕ್ಸ್‌ರೇ ಫಿಲಂ ಎಲ್ಲವೂ 'ಇಂದು' ಎಂಬ ಬ್ರ್ಯಾಂಡ್‌ನಲ್ಲಿ ಬರುತ್ತಿದ್ದವು. ಇಂದು ಅಂದರೆ ಚಂದ್ರ. ಬೆಳ್ಳಿಯಿಂದ ಮಾಡುವ ವಸ್ತುವಿಗೆ ಸರಿಯಾದ ಹೆಸರೇ.

ಊಟಿಯನ್ನೇ ಯಾಕೆ ಆರಿಸಿದರು? ತಂಪು ಹವೆ, ಧೂಳಿಲ್ಲದ ಗಾಳಿ, ಸ್ವಚ್ಛ ನೀರು. ಫಿಲಂ ಮೇಲೆ ಒಂದು ಧೂಳಿನ ಕಣ ಕೂತರೂ ಕೆಟ್ಟಿತು ಅಂತ ಲೆಕ್ಕ. ಅಂದರೆ ಇವತ್ತು ನಾವು ಯಾವ ಮಂಜಿನ ಹವೆಯ ಫೋಟೋ ತೆಗೆಯಲು ನೀಲಗಿರಿಗೆ ಹೋಗುತ್ತೇವೋ, ಅದೇ ಹವೆಗಾಗಿ ಕಾರ್ಖಾನೆಯೂ ಅಲ್ಲಿಗೆ ಬಂದಿತ್ತು. ಬೆಳಕು ತಾಗಿದರೆ ಫಿಲಂ ಹಾಳು, ಹಾಗಾಗಿ ಪದರ ಹಚ್ಚುವ ಮತ್ತು ಕತ್ತರಿಸುವ ಕೆಲಸ ಕತ್ತಲಲ್ಲೇ ಆಗಬೇಕು. ದೇಶದ ಎಷ್ಟೋ ಜನರ ಪಾಸ್‌ಪೋರ್ಟ್ ಫೋಟೋ, ಮದುವೆ ಆಲ್ಬಂ, ಎದೆಯ ಎಕ್ಸ್‌ರೇ ಹಿಂದೆ ಹೀಗೆ ಕತ್ತಲೆಯಲ್ಲಿ ದುಡಿದ ಕಾರ್ಮಿಕರಿದ್ದರು.

ಡಿಜಿಟಲ್ ಕೊಂದಿತಾ?

'ಡಿಜಿಟಲ್ ಬಂತು, ಫಿಲಂ ಸತ್ತಿತು, ಕಾರ್ಖಾನೆ ಮುಚ್ಚಿತು' ಅನ್ನುವುದು ಎಲ್ಲರೂ ಹೇಳುವ ಕತೆ. ಇಸವಿಗಳನ್ನು ಪಕ್ಕ ಪಕ್ಕ ಇಟ್ಟರೆ ಇದು ಸರಿಹೊಂದಲ್ಲ. ಜಗತ್ತಿನಲ್ಲಿ ಫಿಲಂ ಮಾರಾಟ ತುದಿ ಮುಟ್ಟಿದ್ದು 2000ದ ಆಸುಪಾಸಿನಲ್ಲಿ. ಊಟಿಯ ಕಂಪನಿಯನ್ನು 1990ರ ದಶಕದ ನಡುವೆಯೇ ರೋಗಗ್ರಸ್ತ ಎಂದು ಘೋಷಿಸಲಾಗಿತ್ತು. ಅಂದರೆ ಮಾರುಕಟ್ಟೆ ಬೆಳೆಯುತ್ತಿದ್ದಾಗಲೇ ಕಂಪನಿ ಮುಳುಗಿತ್ತು.

ಕಾರಣ ಎರಡು. ಒಂದು, ಅಮೆರಿಕದ ಡ್ಯುಪಾಂಟ್ ತಂತ್ರಜ್ಞಾನದಲ್ಲಿ ಪಾಲಿಯೆಸ್ಟರ್ ಆಧಾರಿತ ಎಕ್ಸ್‌ರೇ ಫಿಲಂ ಘಟಕಕ್ಕೆ ದೊಡ್ಡ ಸಾಲ ಮಾಡಿತು. ಘಟಕ ತಡವಾಯಿತು, ಬಡ್ಡಿ ಬೆಳೆಯಿತು. ಎರಡು, ಅದೇ ಹೊತ್ತಿಗೆ 1991ರ ನಂತರದ ಉದಾರೀಕರಣದಲ್ಲಿ ಆಮದು ಸುಂಕ ಇಳಿದು ವಿದೇಶಿ ಫಿಲಂ ಅಗ್ಗವಾಯಿತು. ಒಂದು ಕೈಯಿಂದ ಸಾಲ ಕೊಡಿಸಿ, ಇನ್ನೊಂದು ಕೈಯಿಂದ ಮಾರುಕಟ್ಟೆ ಬಿಟ್ಟುಕೊಟ್ಟ ನೀತಿ ಇದು. ಡಿಜಿಟಲ್ ಬಂದು ಕೊನೆಯ ಮಣ್ಣು ಹಾಕಿತು ಅಷ್ಟೇ. 2014ರಲ್ಲಿ ಕೇಂದ್ರ ಸಂಪುಟ ಉಳಿದ ನೌಕರರಿಗೆ ಸ್ವಯಂ ನಿವೃತ್ತಿಯ ಪ್ಯಾಕೇಜ್ ಒಪ್ಪಿತು.

ಕಂಪನಿಯ ಆಡಳಿತದಲ್ಲಿ ತಪ್ಪೇ ಇರಲಿಲ್ಲ ಅಂತಲ್ಲ. ಇಂಗ್ಲೆಂಡಿನ ಇಲ್ಫೋರ್ಡ್ ಕೂಡ 2004ರಲ್ಲಿ ದಿವಾಳಿಯ ಅಂಚಿಗೆ ಹೋಗಿತ್ತು. ಅಲ್ಲಿನ ಮ್ಯಾನೇಜರ್‌ಗಳೇ ಕೂಡಿ ಅದನ್ನು ಕೊಂಡು, ಕಪ್ಪು-ಬಿಳುಪು ಫಿಲಂ ಎಂಬ ಸಣ್ಣ ಮಾರುಕಟ್ಟೆಗೆ ತಕ್ಕಂತೆ ಕಂಪನಿಯನ್ನು ಉಳಿಸಿಕೊಂಡರು. ಇಂದು ನಾವು ಅವರ ರೋಲ್ ಕೊಳ್ಳುತ್ತಿದ್ದೇವೆ. ನಮ್ಮಲ್ಲಿ ತಂತ್ರಜ್ಞಾನ ಇತ್ತು, ಕಲಿತ ಕೈಗಳಿದ್ದವು. ಸಣ್ಣದಾಗಿಯಾದರೂ ಉಳಿಸೋಣ ಎನ್ನುವ ದಾರಿ ಮಾತ್ರ ತೆರೆಯಲಿಲ್ಲ.

ಫಿಲಂ ಅಂದರೆ ಸತ್ಯವಾ?

ಎಐ ಚಿತ್ರಗಳ ಕಾಲದಲ್ಲಿ ಫಿಲಂ ಪರವಾಗಿ ಇನ್ನೊಂದು ವಾದ ಕೇಳುತ್ತೇವೆ: ನೆಗೆಟಿವ್ ಸುಳ್ಳು ಹೇಳಲ್ಲ. ಇದರಲ್ಲಿ ತೂಕವಿದೆ. 1984ರ ಡಿಸೆಂಬರ್‌ನಲ್ಲಿ ಭೋಪಾಲ್‌ನಲ್ಲಿ ಮಣ್ಣಾಗುತ್ತಿದ್ದ ಗುರುತು ಸಿಗದ ಮಗುವಿನ ಮುಖವನ್ನು ರಘು ರಾಯ್ ಕಪ್ಪು-ಬಿಳುಪಿನಲ್ಲಿ, ಪ್ಯಾಬ್ಲೋ ಬಾರ್ತಲೋಮ್ಯೂ ಬಣ್ಣದಲ್ಲಿ ತೆಗೆದರು. ಇಂಥ ಚಿತ್ರದ ಹಿಂದೆ ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತು ಇರುತ್ತದೆ. ಯಾರಾದರೂ 'ಇದು ನಕಲಿ' ಅಂದರೆ ತೆಗೆದು ತೋರಿಸಬಹುದು.

ಆದರೆ ಫಿಲಂಗೂ ಪಕ್ಷಪಾತ ಇತ್ತು. ದಶಕಗಳ ಕಾಲ ಕೊಡಾಕ್ ಕಲರ್ ಪ್ರಿಂಟ್‌ಗಳನ್ನು ಹೊಂದಿಸಲು ಲ್ಯಾಬ್‌ಗಳು 'ಶರ್ಲಿ ಕಾರ್ಡ್' ಬಳಸುತ್ತಿದ್ದವು. ಅದರಲ್ಲಿ ಇರುತ್ತಿದ್ದದ್ದು ಬಿಳಿ ಹೆಣ್ಣಿನ ಮುಖ. ಆ ಚರ್ಮ ಚೆನ್ನಾಗಿ ಬಂದರೆ ಪ್ರಿಂಟ್ ಸರಿ. ಕಪ್ಪು ಚರ್ಮದವರ ಮುಖ ಆ ಅಳತೆಯಲ್ಲಿ ಮಸುಕಾಗುತ್ತಿತ್ತು. ಕೊನೆಗೆ ಕಂಪನಿ ಎಚ್ಚೆತ್ತದ್ದರಲ್ಲಿ ಚಾಕೊಲೇಟ್ ಮತ್ತು ಮರದ ಪೀಠೋಪಕರಣದ ಜಾಹೀರಾತುದಾರರ ದೂರಿನ ಪಾತ್ರ ದೊಡ್ಡದು ಅಂತ ಅಲ್ಲಿ ಕೆಲಸ ಮಾಡಿದವರೇ ಹೇಳಿದ್ದಾರೆ. ನಮ್ಮ ಹಳೇ ಮದುವೆ ಆಲ್ಬಂಗಳಲ್ಲಿ ಕಪ್ಪಗಿರುವ ಅತ್ತೆ, ಚಿಕ್ಕಪ್ಪಂದಿರು ಯಾಕೆ ಹಾಗೆ ಕಾಣುತ್ತಾರೆ ಎಂದು ಕೇಳುವಾಗ ಇದೂ ನೆನಪಿರಲಿ.

ಮಂಜು ಏನನ್ನು ಮುಚ್ಚುತ್ತದೆ?

ಮೂಡಿ ಚಿತ್ರಗಳ ಬಗ್ಗೆ ನನ್ನ ತಕರಾರು ಇಲ್ಲೇ ಇರೋದು. ನೀಲಗಿರಿಯ ಟೀ ತೋಟದ ಮಂಜು ಚೆಂದ. ಆದರೆ ಗೂಡಲೂರು ಸುತ್ತಲಿನ ತೋಟಗಳಲ್ಲಿ ಎಲೆ ಕೀಳುವವರಲ್ಲಿ ಬಹಳ ಜನ 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳವರು. ಚಿಕ್ಕಮಗಳೂರಿನ ಕಾಫಿ ತೋಟದ ಮಂಜಿನ ಹಿಂದೆ ಲೈನ್ ಮನೆಗಳಿವೆ. ಫ್ರೇಮ್‌ನಲ್ಲಿ ಮಂಜು ಇರುತ್ತೆ, ಮನುಷ್ಯರು ಇರಲ್ಲ. ಇದ್ದರೂ ಬೆನ್ನು ತೋರಿಸಿ ನಿಂತ ಕಪ್ಪು ಆಕೃತಿ.

ಕರ್ನಾಟಕದ ಫೋಟೋಗ್ರಫಿಯಲ್ಲಿ ಇದು ಹೊಸ ಪ್ರಶ್ನೆ ಅಲ್ಲ. ಬೆಂಗಳೂರಿನ ಸಿ. ರಾಜಗೋಪಾಲ್ ಅವರಂಥವರು ಹಳ್ಳಿಯ ಬೆಳಕು, ಧೂಳು, ನೆರಳನ್ನು ಅದ್ಭುತವಾಗಿ ಹಿಡಿದರು. ಆ ಸಲೋನ್ ಪರಂಪರೆಯ ಕೌಶಲ್ಯ ದೊಡ್ಡದು. ಇನ್ನೊಂದು ಕಡೆ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಇದ್ದರು. ಶಾಲೆಯ ಮಕ್ಕಳು, ಬೀದಿ, ಲಸಿಕೆಯ ಸಾಲು, ದಿನದ ಬದುಕು ಅವರ ವಸ್ತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕ್‌ನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಸತ್ಯನ್ ಚಿತ್ರಗಳಲ್ಲೂ ಮೂಡ್ ಇದೆ. ಆದರೆ ಅಲ್ಲಿ ಜನ ನಮ್ಮನ್ನು ತಿರುಗಿ ನೋಡುತ್ತಾರೆ. ಫಿಲಂ ಹಿಡಿದ ಹೊಸಬರು ಈ ಎರಡನ್ನೂ ನೋಡಿ ತಮ್ಮ ದಾರಿ ಆರಿಸಿಕೊಳ್ಳಲಿ.

ಹಾಗಾದರೆ ಏನು ಮಾಡಬಹುದು?

ಖರ್ಚಿನಿಂದ ಶುರು ಮಾಡೋಣ. ಕಪ್ಪು-ಬಿಳುಪು ಫಿಲಂ ತೊಳೆಯಲು ಡಾರ್ಕ್‌ರೂಂ ಬೇಡ. ಬೆಳಕು ನುಗ್ಗದ ಒಂದು ಟ್ಯಾಂಕ್, ಕತ್ತಲೆಯಲ್ಲಿ ರೋಲ್ ತುಂಬಲು ಒಂದು ಚೀಲ, ಡೆವಲಪರ್, ಫಿಕ್ಸರ್ ಇದ್ದರೆ ಅಡುಗೆಮನೆಯಲ್ಲೇ ಆಗುತ್ತೆ. ಐದಾರು ಜನ ಸೇರಿ ಕೊಂಡರೆ ತಲೆಗೆ ಬೀಳುವ ಖರ್ಚು ಬಹಳ ಇಳಿಯುತ್ತದೆ. ಕಾಲೇಜಿನಲ್ಲಿ ಒಂದು ಕ್ಯಾಮೆರಾ, ಒಂದು ಟ್ಯಾಂಕ್ ಹಂಚಿಕೊಂಡರೂ ಸಾಕು. ಬಳಸಿದ ಫಿಕ್ಸರ್‌ನಲ್ಲಿ ಬೆಳ್ಳಿ ಕರಗಿರುತ್ತೆ, ಅದನ್ನು ಮೋರಿಗೆ ಸುರಿಯಬೇಡಿ. ಕ್ಯಾನ್‌ನಲ್ಲಿ ಕೂಡಿಟ್ಟು, ಬೆಳ್ಳಿ ಮರಳಿ ತೆಗೆಯುವವರಿಗೋ ರಾಸಾಯನಿಕ ತ್ಯಾಜ್ಯ ಪಡೆಯುವವರಿಗೋ ಕೊಡಿ.

ಅದಕ್ಕಿಂತ ತುರ್ತಿನ ಕೆಲಸ ಒಂದಿದೆ. ತಾಲ್ಲೂಕು ಕೇಂದ್ರಗಳ ಹಳೇ ಸ್ಟುಡಿಯೋಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಅಲ್ಲಿನ ಅಟ್ಟದ ಮೇಲೆ ಸಾವಿರಾರು ನೆಗೆಟಿವ್‌ಗಳಿವೆ. ಗೆದ್ದಲು, ತೇವ, ಇಲ್ಲವೇ ಗುಜರಿ ಅವುಗಳ ಗತಿ. ಪತ್ರಿಕೆಯಲ್ಲಿ ಎಂದೂ ಮುಖ ಬರದ ಜನರ ಚಿತ್ರಗಳವು: ರೈತ ಸಂಘದ ಶಾಲು ಹೊದ್ದು ನಿಂತವರು, ಮೊದಲ ಸಲ ಹಾಸ್ಟೆಲ್ ಅರ್ಜಿಗೆ ಫೋಟೋ ತೆಗೆಸಿಕೊಂಡ ಹುಡುಗ, ಗಂಡ ದುಬೈಗೆ ಹೋಗುವ ಮುಂಚೆ ಜೊತೆಗೆ ಕೂತ ಹೆಂಡತಿ. ನೇಪಾಳದಲ್ಲಿ 'ನೇಪಾಳ್ ಪಿಕ್ಚರ್ ಲೈಬ್ರರಿ' ಮನೆಮನೆಯ ಇಂಥ ಚಿತ್ರಗಳನ್ನು ಕೂಡಿಸಿ, ಅದರಿಂದಲೇ ಅಲ್ಲಿನ ಮಹಿಳೆಯರ, ದಲಿತರ ಚರಿತ್ರೆಯನ್ನು ಮುಂದಿಟ್ಟಿದೆ. ನಮ್ಮಲ್ಲಿ ಇಂಥ ಕೆಲಸ ಜಿಲ್ಲೆಗೊಂದರಂತೆ ನಡೆಯಬೇಕು.

ಅಲ್ಲಿಯವರೆಗೆ ಮನೆಯಿಂದಲೇ ಶುರು ಮಾಡಬಹುದು. ಬಿಸ್ಕತ್ತಿನ ಡಬ್ಬಿಯಲ್ಲಿರುವ ನೆಗೆಟಿವ್ ಪಟ್ಟಿಯನ್ನು ಅಂಚು ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ, ಫೋನಿನ ಕ್ಯಾಮೆರಾದಲ್ಲಿ ಬಣ್ಣ ತಿರುಗಿಸಿ ನೋಡಿ. ಅಜ್ಜಿಯನ್ನು ಪಕ್ಕ ಕೂರಿಸಿಕೊಂಡು ಯಾರು ಯಾರಿದ್ದಾರೆ, ಯಾವ ಊರು, ಯಾವ ವರ್ಷ ಅಂತ ಕೇಳಿ ಬರೆದಿಡಿ. ನೆಗೆಟಿವ್ ಇನ್ನೂ ನಲವತ್ತು ವರ್ಷ ಉಳಿದೀತು. ಅದರಲ್ಲಿರುವವರ ಹೆಸರು ಗೊತ್ತಿರುವವರು ಅಷ್ಟು ಕಾಲ ಇರಲ್ಲ.