ಆರೋಗ್ಯ ಸೇತುವಿನ ಒಳಗಣ ಲೆಕ್ಕ

ಅಪ್ಸರಕೊಂಡದ ಜಲಪಾತ ನೋಡಲು ಬಂದವರೊಬ್ಬರ ಮೊಬೈಲ್, ತಾನಿರುವ ಜಾಗವನ್ನು ಆಗಾಗ ಗುರುತು ಹಾಕಿಕೊಳ್ಳುತ್ತಿದೆ ಎನ್ನಿ. ಮೊದಲ ಚುಕ್ಕೆ ಜಲಪಾತದ ಬಳಿ, ಎರಡನೆಯದು ಕಾಸರಕೋಡಿನ ಕಡಲ ದಂಡೆಯಲ್ಲಿ, ಮೂರನೆಯದು ಇಡಗುಂಜಿ ದೇವಸ್ಥಾನದಲ್ಲಿ, ರಾತ್ರಿಯದು ಭಟ್ಕಳದ ಒಂದು ಮನೆಯಲ್ಲಿ. ಹೆಸರು ಎಲ್ಲೂ ಇಲ್ಲ. ಆದರೂ ಆಸಾಮಿಯ ಜಾಡು ಸಿಕ್ಕಿಬಿಡುತ್ತದೆ. ಸಂಶೋಧಕ ಈವ್-ಅಲೆಕ್ಸಾಂಡರ್ ದ ಮೊಂಜೋಯ್ ಮತ್ತು ಸಂಗಡಿಗರು 15 ಲಕ್ಷ ಜನರ 15 ತಿಂಗಳ ಮೊಬೈಲ್ ದತ್ತಾಂಶವನ್ನು ಜಾಲಾಡಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು: ಎಲ್ಲಿ, ಯಾವಾಗ ಎಂದು ಹೇಳುವ ನಾಲ್ಕು ಚುಕ್ಕೆಗಳಿದ್ದರೆ ಶೇ 95ರಷ್ಟು ಜನರನ್ನು ಉಳಿದವರಿಂದ ಬೇರ್ಪಡಿಸಿ ಗುರುತಿಸಬಹುದು.

ಕೋವಿಡ್ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಪತ್ತೆಹಚ್ಚಲು ಕೇಂದ್ರ ಸರ್ಕಾರ 2020ರ ಏಪ್ರಿಲ್ 2ರಂದು ಬಿಡುಗಡೆ ಮಾಡಿದ ಆರೋಗ್ಯ ಸೇತು ಆ್ಯಪ್ ಇಂಥ ಚುಕ್ಕೆಗಳನ್ನೇ ಕೂಡಿಡುತ್ತಿತ್ತು. ಅಕ್ಕಪಕ್ಕ ಬಂದ ಮೊಬೈಲ್‌ಗಳು ಬ್ಲೂಟೂತ್ ಮೂಲಕ ಗುರುತು ಬದಲಾಯಿಸಿಕೊಳ್ಳುತ್ತಿದ್ದವು. ಜೊತೆಗೆ ಹದಿನೈದು ನಿಮಿಷಕ್ಕೊಮ್ಮೆ ಜಿಪಿಎಸ್ ನೆಲೆ ದಾಖಲಾಗುತ್ತಿತ್ತು. ಇದೆಲ್ಲ ಮೊಬೈಲ್‌ನಲ್ಲೇ ಇರುತ್ತದೆ, ಸೋಂಕು ದೃಢಪಟ್ಟರೆ ಅಥವಾ ಸ್ವಯಂ-ಪರೀಕ್ಷೆಯ ಉತ್ತರ ಅನುಮಾನ ಹುಟ್ಟಿಸಿದರೆ ಮಾತ್ರ ಸರ್ವರ್‌ಗೆ ಹೋಗುತ್ತದೆ ಎಂಬುದು ಸರ್ಕಾರದ ಭರವಸೆಯಾಗಿತ್ತು.

ಭರವಸೆ ನಿಜವೇ? ನೋಡಿ ಹೇಳುವ ದಾರಿ ಆಗ ಹೊರಗಿನವರಿಗೆ ಇರಲಿಲ್ಲ, ಏಕೆಂದರೆ ಆ್ಯಪ್‌ನ ಮೂಲಸಂಕೇತವನ್ನು (ಸೋರ್ಸ್ ಕೋಡ್) ಪ್ರಕಟಿಸಿರಲಿಲ್ಲ. ಸಿಂಗಪುರ ತನ್ನ ಇಂಥದೇ ಟ್ರೇಸ್‌ಟುಗೆದರ್ ಆ್ಯಪ್‌ಗೆ ಆಧಾರವಾದ ಸಂಕೇತವನ್ನು ಅದೇ ಏಪ್ರಿಲ್‌ನಲ್ಲಿ ಬಯಲಿಗಿಟ್ಟಿತು. ಜರ್ಮನಿಯ ಕೊರೊನಾ-ವಾರ್ನ್-ಆ್ಯಪ್ ಜೂನ್‌ನಲ್ಲಿ ಜನರ ಕೈಗೆ ಬರುವ ಮೊದಲೇ ಅದರ ಮೂಲಸಂಕೇತ ಎಲ್ಲರಿಗೂ ತೆರೆದಿತ್ತು. ಭಾರತದಲ್ಲೂ ಒತ್ತಾಯ ಹೆಚ್ಚಿತು. ಮೇ 26ರಂದು ಆರೋಗ್ಯ ಸೇತುವಿನ ಆಂಡ್ರಾಯ್ಡ್ ಆವೃತ್ತಿಯ ಮೂಲಸಂಕೇತ ಗಿಟ್‌ಹಬ್‌ನಲ್ಲಿ ಪ್ರಕಟವಾಯಿತು. ದೋಷ ಹುಡುಕಿದವರಿಗೆ ಬಹುಮಾನವನ್ನೂ ಘೋಷಿಸಲಾಯಿತು. ಆಗಲೇ 11 ಕೋಟಿಗೂ ಹೆಚ್ಚು ಜನ ಅದನ್ನು ಹಾಕಿಕೊಂಡಿದ್ದರು.

ಸಂಕೇತ ತೆರೆದರೆ ಕಳ್ಳರಿಗೆ ಅನುಕೂಲವಾಗದೇ ಎಂಬ ಆತಂಕ ಸಹಜ. ಇದಕ್ಕೆ ಉತ್ತರ 1883ರಲ್ಲೇ ಸಿಕ್ಕಿದೆ. ಗೂಢಲಿಪಿಯ ವ್ಯವಸ್ಥೆ ಶತ್ರುವಿನ ಕೈಗೆ ಸಿಕ್ಕರೂ ಕೀಲಿಯೊಂದು ಗುಟ್ಟಾಗಿದ್ದರೆ ಸಾಕು, ಹಾಗೆ ಅದನ್ನು ಕಟ್ಟಬೇಕು ಎಂದು ಗೂಢಲಿಪಿ ತಜ್ಞ ಆಗಸ್ಟ್ ಕರ್ಕ್‌ಹಾಫ್ಸ್ ವಾದಿಸಿದರು. ಇಂದಿನ ಗೂಢಲಿಪಿ ವಿಜ್ಞಾನ ನಿಂತಿರುವುದು ಈ ತತ್ವದ ಮೇಲೆ.

ಆದರೆ ಸಂಕೇತ ಪ್ರಕಟವಾದ ಮಾತ್ರಕ್ಕೆ ಖಾಸಗಿತನ ಭದ್ರವಾಗುವುದಿಲ್ಲ. ಅಡುಗೆಯ ವಿಧಾನ ಬರೆದುಕೊಟ್ಟರೆ ಸಾಲದು. ಎಲೆಗೆ ಬಡಿಸಿದ್ದೂ ಅದೇ ಅಡುಗೆ ಎಂದು ಖಚಿತವಾಗಬೇಕು. ಪ್ರಕಟಿತ ಸಂಕೇತದಿಂದ ಯಾರು ಆ್ಯಪ್ ತಯಾರಿಸಿದರೂ, ಡಿಜಿಟಲ್ ಸಹಿಯ ಭಾಗ ಬಿಟ್ಟರೆ, ಅದು ಆ್ಯಪ್ ಸ್ಟೋರ್‌ನಲ್ಲಿ ಸಿಗುವ ಆ್ಯಪ್‌ಗೆ ಅಕ್ಷರಶಃ ಹೊಂದಬೇಕು. ಸಂದೇಶ ಸೇವೆ ಸಿಗ್ನಲ್‌ನ ಆಂಡ್ರಾಯ್ಡ್ ಆ್ಯಪ್ 2016ರಿಂದ ಈ ಪರೀಕ್ಷೆಗೆ ಅವಕಾಶ ಕೊಟ್ಟಿದೆ. ಇನ್ನು ಸರ್ವರ್. ದತ್ತಾಂಶ ಅಲ್ಲಿಗೆ ತಲುಪಿದ ಮೇಲೆ ಏನಾಗುತ್ತದೆ ಎಂಬುದನ್ನು ಮೊಬೈಲ್‌ನ ಸಂಕೇತ ಹೇಳಲಾರದು. ಆರೋಗ್ಯ ಸೇತುವಿನ ಸರ್ವರ್ ಸಂಕೇತ ಹೊರಬರಲು 2020ರ ನವೆಂಬರ್ ಆಯಿತು. ಅದನ್ನು ಓದಿದರೂ, ದತ್ತಾಂಶದ ಒಂದು ಪ್ರತಿಯನ್ನು ಅಧಿಕಾರಿಯೊಬ್ಬರು ಬೇರೆ ಇಲಾಖೆಗೆ ಕೊಟ್ಟರೆ ಅದು ಸಂಕೇತದಲ್ಲಿ ಕಾಣುವುದಿಲ್ಲ.

ಅಲ್ಲಿ ಕಾನೂನೇ ಕಾಯಬೇಕು. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತ್ತು. ಅದೇ ಹಕ್ಕಿನ ಬಲದಲ್ಲಿ ಬೆಂಗಳೂರಿನ ಅನಿವರ್ ಅರವಿಂದ್ ಆರೋಗ್ಯ ಸೇತುವಿನ ಕಡ್ಡಾಯ ಬಳಕೆಯ ವಿರುದ್ಧ ಕರ್ನಾಟಕ ಹೈಕೋರ್ಟ್ ಮೆಟ್ಟಿಲೇರಿದರು. ಆ್ಯಪ್ ಇಲ್ಲವೆಂದು ಯಾರಿಗೂ ಸರ್ಕಾರಿ ಸೌಲಭ್ಯ ನಿರಾಕರಿಸುವಂತಿಲ್ಲ ಎಂದು ನ್ಯಾಯಾಲಯ 2020ರ ಅಕ್ಟೋಬರ್‌ನಲ್ಲಿ ಹೇಳಿತು. 2021ರ ಜನವರಿ 25ರ ಮಧ್ಯಂತರ ಆದೇಶದಲ್ಲಿ, ಬಳಕೆದಾರರ ತಿಳಿವಳಿಕೆಯ ಸಮ್ಮತಿಯಿಲ್ಲದೆ ಅವರ ದತ್ತಾಂಶವನ್ನು ಇತರರೊಂದಿಗೆ ಹಂಚಿಕೊಳ್ಳದಂತೆ ಸರ್ಕಾರವನ್ನು ತಡೆಯಿತು.

2023ರಲ್ಲಿ ದೇಶಕ್ಕೆ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಸಮ್ಮತಿಯ ಬಗ್ಗೆ ಅದು ಮಾತಾಡುತ್ತದೆ. ಆ್ಯಪ್‌ಗಳ ಸಂಕೇತ ತೆರೆಯಬೇಕೆಂದು ಹೇಳುವುದಿಲ್ಲ. ಜನರ ನೆಲೆ, ಆರೋಗ್ಯ, ಓಡಾಟದ ವಿವರ ಕೇಳುವ ಪ್ರತಿ ಸರ್ಕಾರಿ ಆ್ಯಪ್‌ಗಾದರೂ ಈ ನಿಯಮ ಬೇಕು: ಮೊಬೈಲ್ ಮತ್ತು ಸರ್ವರ್ ಎರಡರ ಸಂಕೇತವೂ ಬಿಡುಗಡೆಯ ದಿನವೇ ಸಾರ್ವಜನಿಕರ ಮುಂದಿರಬೇಕು, ತಿಂಗಳುಗಳ ನಂತರವಲ್ಲ.